ಗೋಡೆ ಕಟ್ಟಿದವನ ಕೂಲಿ

ಗಡಿಯಾರ ರಿಪೇರಿ ಮಾಡಿದವನಿಗೆ ಹಣ ಸಿಗದಿದ್ದರೆ ಅವನು ಗಡಿಯಾರವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು. ದರ್ಜಿಯೂ ಅಷ್ಟೆ, ಹೊಲಿದ ಅಂಗಿಯನ್ನು ತಡೆಹಿಡಿಯಬಹುದು. ಆದರೆ ಗೋಡೆ ಕಟ್ಟಿದ ಗಾರೆಯವನು ಏನನ್ನು ಹಿಡಿದಿಟ್ಟುಕೊಳ್ಳಬೇಕು? ನೆಲಕ್ಕೆ ಅಂಟಿದ ಇಟ್ಟಿಗೆ ನೆಲದ ಒಡೆಯನ ಸ್ವತ್ತು. ಇಂಗ್ಲೆಂಡಿನ ಈ ನ್ಯಾಯಸೂತ್ರವನ್ನು 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಅಮೆರಿಕವೂ ಮುಂದುವರಿಸಿತು.

ಅಲ್ಲಿ ನಗರಗಳು ಭರದಿಂದ ಬೆಳೆಯುತ್ತಿದ್ದವು. ಜನರ ಕೈಯಲ್ಲಿ ನಗದು ಮಾತ್ರ ಕಡಿಮೆ. ನಿವೇಶನದ ಒಡೆಯ ಮೇಸ್ತ್ರಿಗೆ ಬಾಕಿ, ಮೇಸ್ತ್ರಿ ಬಡಗಿಗೆ ಬಾಕಿ, ಬಡಗಿ ದಿನಸಿ ಅಂಗಡಿಗೆ ಬಾಕಿ. ಮೇಲಿನವನೊಬ್ಬ ದಿವಾಳಿಯಾದರೆ ಪೆಟ್ಟು ಕೆಳಗಿನವರಿಗೆ. ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕುವ ಕಾನೂನು ಆಗ ಇತ್ತು. ಹಾಗಾಗಿ ತನ್ನ ಕೂಲಿ ಬಾರದೆ ಅಂಗಡಿಯಲ್ಲಿ ಸಾಲ ಮಾಡಿದ ಕಸುಬುದಾರನೇ ಕಂಬಿ ಎಣಿಸುವ ಸಂಭವವಿತ್ತು! ಕ್ರಾಂತಿಯುದ್ಧಕ್ಕೆ ಹಣ ಹೊಂದಿಸಿದ ರಾಬರ್ಟ್ ಮಾರಿಸ್‌ನಂಥ ಸಿರಿವಂತನೂ ಭೂವ್ಯವಹಾರದಲ್ಲಿ ಮುಳುಗಿ 1798ರಿಂದ 1801ರವರೆಗೆ ಫಿಲಡೆಲ್ಫಿಯದ ಸೆರೆಯಲ್ಲಿದ್ದ. ಅಲ್ಲಿ ಅವನು ಕಟ್ಟಿಸತೊಡಗಿದ್ದ ಮಹಲು ಅರ್ಧಕ್ಕೇ ನಿಂತಿತು. ಇನ್ನು ಕೂಲಿ ಕೈಗೆ ಬಂದಾಗಲೂ ಅದು ಅನೇಕ ವೇಳೆ ಯಾವುದೋ ದೂರದ ಖಾಸಗಿ ಬ್ಯಾಂಕಿನ ನೋಟಾಗಿರುತ್ತಿತ್ತು. ಅಂಗಡಿಯವನು ಬಟ್ಟಾ ಮುರಿದುಕೊಂಡೇ ಅದನ್ನು ಸ್ವೀಕರಿಸುತ್ತಿದ್ದ.

ಪರಿಹಾರದ ಮೊದಲ ಯತ್ನ ನಡೆದದ್ದು ಹೊಸ ರಾಜಧಾನಿಯ ನೆಪದಲ್ಲಿ. ವಾಷಿಂಗ್ಟನ್ ನಗರ ಬೇಗ ಏಳಬೇಕು, ಕಟ್ಟುವವರು ಬರಬೇಕಲ್ಲ! ಜೆಫರ್ಸನ್ ಮತ್ತು ಮ್ಯಾಡಿಸನ್ ಒತ್ತಾಸೆಯಿಂದ ಮೇರಿಲ್ಯಾಂಡ್ ಶಾಸನಸಭೆ 1791ರಲ್ಲಿ ಒಂದು ಕಾನೂನು ಮಾಡಿತು. ಅದರಂತೆ, ಹಣ ಬಾರದ ಮೇಸ್ತ್ರಿಗೂ ಕೆಲಸಗಾರನಿಗೂ ಆ ಮನೆ ಮತ್ತು ಅದು ನಿಂತ ನೆಲದ ಮೇಲೆಯೇ ಹಕ್ಕು. ಇದೇ ‘ಮೆಕ್ಯಾನಿಕ್ಸ್ ಲಿಯನ್’. (ಆ ಕಾಲದ ಇಂಗ್ಲಿಷಿನಲ್ಲಿ ಮೆಕ್ಯಾನಿಕ್ ಎಂದರೆ ಮೋಟಾರು ರಿಪೇರಿಯವನಲ್ಲ, ಕೈಕಸುಬು ಬಲ್ಲ ಯಾವನೇ ಆಗಲಿ.) ನನ್ನ ದೃಷ್ಟಿಯಲ್ಲಿ ಇದು ಕರುಣೆಗಿಂತ ಹೆಚ್ಚಾಗಿ ಲೆಕ್ಕಾಚಾರ. ಅದಕ್ಕೆ ಲಿಖಿತ ಕರಾರು ಬೇಕಿತ್ತು. ಮೇಸ್ತ್ರಿಯ ಕೈಕೆಳಗೆ ಬಾಯಿಮಾತಿನ ಮೇಲೆ ದುಡಿಯುವವನಿಗೆ ಅದೆಲ್ಲಿ?

1803ರಲ್ಲಿ ಪೆನ್ಸಿಲ್ವೇನಿಯವೂ ಇಂಥ ಕಾನೂನು ತಂದಿತು. 1828ರಲ್ಲಿ ಫಿಲಡೆಲ್ಫಿಯದಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ ಕೆಲಸಗಾರರು ತಮ್ಮದೇ ಪಕ್ಷ ಕಟ್ಟಿದರು. ನ್ಯೂಯಾರ್ಕಿನವರ ಬೇಡಿಕೆಗಳಲ್ಲಿ ಲಿಯನ್ ಕಾನೂನು, ಸಾಲದ ಸೆರೆವಾಸದ ರದ್ದತಿ ಎರಡೂ ಇದ್ದವು. ಮೊದಲನೆಯದು ನಗರಕ್ಕೆ 1830ರಲ್ಲಿ ಸಿಕ್ಕಿತು. ಎರಡನೆಯದನ್ನು ರಾಜ್ಯ 1831ರಲ್ಲಿ ಒಪ್ಪಿತು.

ಆದರೆ ವಾಷಿಂಗ್ಟನ್ನಿನ ಕಟ್ಟಡಗಳಲ್ಲಿ ಗುಲಾಮರೂ ದುಡಿದಿದ್ದರು. ಶ್ವೇತಭವನದ ವಾಸ್ತುಶಿಲ್ಪಿ ಜೇಮ್ಸ್ ಹೋಬನ್‌ನ ಗುಲಾಮ ಬಡಗಿಗಳ ಹೆಸರುಗಳು 1790ರ ದಶಕದ ಸಂಬಳದ ಪಟ್ಟಿಯಲ್ಲಿವೆ. ಅವರ ಕೂಲಿ ಸೇರುತ್ತಿದ್ದುದು ಒಡೆಯನ ಕೈಗೆ.