ಮೀನಿಗೆ ಸಕ್ಕರೆ ಬೆರೆಸಿದವರು

ಕಳೆದ ಚಳಿಗಾಲದ ನಮ್ಮ ಕೂಟಕ್ಕೆ ಕುಂದಾಪುರ ಕಡೆಯ ಗೆಳತಿಯೊಬ್ಬರು ಅಂಜಲ್ ಮೀನಿನ ಗಸಿ ಮಾಡಿ ತಂದಿದ್ದರು. ಮಸಾಲೆಗೆ ಹೆಸರಿಡುವಂತಿರಲಿಲ್ಲ. ಮೀನು ಮಾತ್ರ ಬಾಯಲ್ಲಿ ನಾರುನಾರಾಗಿ, ಒದ್ದೆ ಹತ್ತಿಯಂತಿತ್ತು. "ಫ್ರೀಜರಿನಲ್ಲಿ ಎಷ್ಟು ತಿಂಗಳು ಮಲಗಿತ್ತೋ ಏನೋ!" ಎಂದು ಅವರೇ ನಕ್ಕುಬಿಟ್ಟರು. ಊರಿನ ಮೀನನ್ನು ಹಿಮಗಡ್ಡೆಯಾಗಿಯೇ ಕಾಣುವ ನಮ್ಮಂಥ ಪರದೇಶವಾಸಿಗಳಿಗೆ ಇದು ಹೊಸತಲ್ಲ. ಆದರೆ ಹೀಗೇಕಾಗುತ್ತದೆ ಎಂದು ಹುಡುಕಹೊರಟಾಗ ಒಂದು ಸ್ವಾರಸ್ಯದ ಚರಿತ್ರೆಯೇ ಎದುರಾಯಿತು. ಸಸ್ಯಾಹಾರಿ ಮಿತ್ರರು ಮನ್ನಿಸಬೇಕು. ಈ ಸಲದ ಕತೆ ಮೀನಿನದು.

ಮೊದಲ ಅಧ್ಯಾಯ ಕೆನಡಾದ ಲ್ಯಾಬ್ರಡಾರಿನಲ್ಲಿ ನಡೆಯಿತು. 1912ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, ಇನುಯಿಟ್ ಜನ ಹಿಮ ಕೊರೆದು ಹಿಡಿದ ಮೀನು ಆ ಕೊರೆಯುವ ಗಾಳಿಗೆ ಕ್ಷಣದಲ್ಲೇ ಕಲ್ಲಾಗುವುದನ್ನು ಕಂಡರು. ತಿಂಗಳುಗಳ ನಂತರ ಕರಗಿಸಿದರೂ ಅದರ ರುಚಿ ಕೆಟ್ಟಿರಲಿಲ್ಲ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹಿಮಹರಳುಗಳು ಬೆಳೆದು ಮಾಂಸವನ್ನು ಸೀಳುತ್ತವೆ. ಬೇಗನೆ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಕಡಿಮೆ. ಇದನ್ನೇ ಯಂತ್ರಕ್ಕಿಳಿಸಿದ ಅವರ ಸರಕು 1930ರಲ್ಲಿ ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ಅಂಗಡಿಗಳಿಗೆ ಬಂತು.

ಆದರೆ ಹರಳಿನದು ಅರ್ಧ ಕತೆ ಮಾತ್ರ. ನೀರು ಮಂಜಾದಂತೆ ಉಳಿದ ಚೂರುಪಾರು ನೀರಿನಲ್ಲಿ ಉಪ್ಪಿನಂಶ ಗಾಢವಾಗುತ್ತದೆ. ಪ್ರೋಟೀನುಗಳು ತಮ್ಮ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾದ ಮೇಲೆ ಅವು ನೀರನ್ನು ಹಿಡಿದಿಡಲಾರವು. ಕಾಡ್ ಎಂಬ ಮೀನಿನ ಬಳಗದಲ್ಲಂತೂ ಶೀತಲದಲ್ಲೂ ಒಂದು ಕಿಣ್ವ ಕೆಲಸ ಮುಂದುವರಿಸಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ; ಮಾಂಸ ಇನ್ನಷ್ಟು ಬಿರುಸಾಗುತ್ತದೆ.

ಈ ಬಳಗದ್ದೇ ಆದ ಅಲಾಸ್ಕಾ ಪೊಲಾಕ್ ಜಪಾನಿನ ಹೊಕ್ಕೈಡೊ ಮೀನುಗಾರರ ತಲೆನೋವಾಗಿತ್ತು. ಅದರ ಮೊಟ್ಟೆಗೆ ಬೇಡಿಕೆಯಿತ್ತು, ಮಾಂಸಕ್ಕೆ ಇರಲಿಲ್ಲ. ಜಪಾನಿನ ಕಾಮಾಬೊಕೊ, ಅಂದರೆ ಮೀನು ಅರೆದು ಬೇಯಿಸುವ ಕಡುಬಿನಂಥ ತಿನಿಸು, 1115ರ ಔತಣವೊಂದರ ದಾಖಲೆಯಲ್ಲೇ ಕಾಣಿಸುತ್ತದೆ. ಅದಕ್ಕೆ ಬೇಕಾದ ಪುಟಿಯುವ ಹದವು ಹೆಪ್ಪುಗಟ್ಟಿಸಿದ ಪೊಲಾಕ್‌ನಿಂದ ಬರುತ್ತಿರಲಿಲ್ಲ. 1960ರ ಸುಮಾರಿಗೆ ಹೊಕ್ಕೈಡೊ ಮೀನುಗಾರಿಕಾ ಪ್ರಯೋಗ ಕೇಂದ್ರದ ನಿಶಿಯಾ ಮತ್ತವರ ಸಂಗಡಿಗರು ಇದಕ್ಕೆ ಉಪಾಯ ಕಂಡುಕೊಂಡರು. ಅರೆದ ಮಾಂಸವನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಹಿಂಡಿ, ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದರು. ಹದ ಉಳಿಯಿತು! ಇದೇ ಸುರಿಮಿ.

ತೊಳೆದಾಗ ಕಿಣ್ವ, ಲವಣಗಳ ಬಹುಪಾಲು ಹೋಗುತ್ತದೆ. ಸಕ್ಕರೆಯ ಅಣುಗಳಾದರೋ ಪ್ರೋಟೀನಿನ ಮೈಗೆ ಅಂಟದೆ ದೂರ ನಿಲ್ಲುತ್ತವೆ. ಪ್ರೋಟೀನಿನ ಸುತ್ತ ನೀರಿನ ಹೊದಿಕೆ ಉಳಿದು, ಅದು ಮಡಿಕೆ ಬಿಚ್ಚದೆ ಇರುತ್ತದೆ. ಬರೀ ಸಕ್ಕರೆ ಸಿಹಿ ಹೆಚ್ಚೆಂದು ಮುಂದೆ ಶೇ. 4 ಸಕ್ಕರೆ, ಶೇ. 4 ಸಾರ್ಬಿಟಾಲ್, ಜೊತೆಗೆ ಚಿಟಿಕೆ ಪಾಲಿಫಾಸ್ಫೇಟ್ ರೂಢಿಗೆ ಬಂತು. ನಾವು ಇಲ್ಲಿ ಕ್ಯಾಲಿಫೋರ್ನಿಯಾ ರೋಲಿನೊಳಗೆ ಏಡಿ ಎಂದುಕೊಂಡು ತಿನ್ನುವುದು ಬಹಳ ಸಲ ಈ ಸುರಿಮಿಯನ್ನೇ. ನಾಲಿಗೆಗೆ ತಾಗುವ ಸಣ್ಣ ಸಿಹಿಯ ಗುಟ್ಟೂ ಇದೇ.

ಇಲ್ಲಿಗೆ ನಿಲ್ಲಿಸಿದರೆ ಕತೆ ಶುಭಂ. ಆದರೆ ಕೆಡದೆ ಉಳಿಯುವ ಮೀನನ್ನು ಎಷ್ಟು ದೂರದಿಂದಲೂ ತರಬಹುದಲ್ಲ! ಹಡಗುಗಳೇ ಕಾರ್ಖಾನೆಗಳಾದವು. ಯಾವ ದೇಶದ ಸರಹದ್ದಿಗೂ ಸೇರದ ಬೇರಿಂಗ್ ಸಮುದ್ರದ ನಡುಭಾಗದಲ್ಲಿ 1980ರ ದಶಕದ ಕೊನೆಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಪೊಲಾಕ್ ಬಾಚಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಮೀನು ಬರಿದಾಯಿತು. 1993ರಲ್ಲಿ ಅಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. 1994ರಲ್ಲಿ ಆರು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಇಷ್ಟು ವರ್ಷ ಕಳೆದರೂ ಅಲ್ಲಿನ ಮೀನಿನ ಸಂತತಿ ಚೇತರಿಸಿಕೊಂಡಿಲ್ಲ.

ಇದು ನಮ್ಮ ಕಡಲಿಗೆ ದೂರದ ಮಾತೂ ಅಲ್ಲ. ಮಂಗಳೂರು, ಮಲ್ಪೆಯ ಟ್ರಾಲ್ ದೋಣಿಗಳು ತರುವ, ಪಿಂಕ್ ಪರ್ಚ್ ಎನ್ನುವ ಗುಲಾಬಿ ಮೀನು ಕೂಡ ಸುರಿಮಿಯಾಗಿ ವಿದೇಶಕ್ಕೆ ಹೋಗುತ್ತಿದೆ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಎಷ್ಟು ಇಡಬೇಕೆಂಬ ಲೆಕ್ಕವಿತ್ತು, ಮನೆಯವರಿಗೆ ಸಾಲುವಷ್ಟು.

ಮೀನಿನ ಪ್ರೋಟೀನನ್ನು ಕಾಪಾಡುವ ವಿದ್ಯೆಯನ್ನು ಮನುಷ್ಯ ಕಲಿತ. ಕಡಲಿನಲ್ಲಿ ಮೀನನ್ನೇ ಉಳಿಸುವ ವಿದ್ಯೆ ಅಷ್ಟು ಬೇಗ ಕೈಗೂಡಲಿಲ್ಲ.

ಅಂದ ಹಾಗೆ ಗೆಳತಿಗೆ ನಮ್ಮದೊಂದು ಕಿವಿಮಾತು: ಫ್ರೀಜರಿನ ಬಾಗಿಲನ್ನು ಪದೇಪದೇ ತೆರೆಯಬೇಡಿ. ಶಾಖ ಏರಿಳಿದಂತೆ ಸಣ್ಣ ಹರಳುಗಳು ದೊಡ್ಡವಾಗುತ್ತವೆ. ಮುಂದಿನ ಕೂಟಕ್ಕೂ ಗಸಿ ನೀವೇ ತನ್ನಿ!