ಚಳಿಗಾಲದ ಡಂಗುರ



ಕೆರೆ ಕೋಡಿ ಬೀಳುವ ಭಯವಿರಲಿ, ಊರಿಗೆ ಕಾಲರಾ ಬಂದ ಸುದ್ದಿಯಿರಲಿ, ತಳವಾರನು ಬೀದಿಬೀದಿಯಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದ ಕಾಲವೊಂದು ನಮ್ಮ ಹಳ್ಳಿಗಳಲ್ಲಿ ಇದ್ದಿತು. ಆ ಡಂಗುರವು ಕೇಳುವವರ ಮನೆಬಾಗಿಲಿಗೇ ಬರುತ್ತಿತ್ತು. ಕೇಳುವವರ ಭಾಷೆಯಲ್ಲಿಯೇ ಇರುತ್ತಿತ್ತು. ಅಮೆರಿಕದಲ್ಲಿ ಚಳಿಗಾಲದ ಮುನ್ನೆಚ್ಚರಿಕೆಗಳು ಬೆಳೆದು ಬಂದ ಇತಿಹಾಸವನ್ನು ಓದುತ್ತ ಹೋದಂತೆ, ಈ ಎರಡು ಗುಣಗಳು ತಪ್ಪಿದ ಕಡೆ ಜನರು ಪ್ರಾಣ ತೆತ್ತಿರುವುದೂ, ಅವರಲ್ಲಿ ವಲಸೆ ಬಂದವರು ಅನೇಕರಿರುವುದೂ ನಮಗೆ ಕಂಡುಬರುತ್ತದೆ. ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಇದು.

ನಮ್ಮ ಡಬ್ಲಿನ್ನಿನಲ್ಲಿ ಚಳಿಗಾಲದ ಅಪಾಯವೆಂದರೆ ಹಿಮವಲ್ಲ, ಮಳೆ. ಮುಂಗಾರನ್ನು ನೋಡಿ ಬೆಳೆದವರಿಗೆ ಇಲ್ಲಿಯ ಋತುಕ್ರಮವು ತಲೆಕೆಳಗಾದಂತೆ ತೋರುವುದು ಸಹಜ. ಬೇಸಿಗೆಯೆಲ್ಲ ಒಣಗಿದ ನೆಲ, ನವೆಂಬರಿನಿಂದ ಮಾರ್ಚಿಯವರೆಗೆ ಮಳೆ. ಅದೂ ಮಲೆನಾಡಿನ ಜಡಿಮಳೆಯಂತೆ ವಾರಗಟ್ಟಲೆ ಒಂದೇ ಸಮನೆ ಹೊಯ್ಯುವುದಿಲ್ಲ. ಶಾಂತಸಾಗರದ ಮೇಲಿನಿಂದ ತೇವದ ಉದ್ದನೆಯ ಪಟ್ಟಿಯೊಂದು ಬಂದು ಬೆಟ್ಟಗಳಿಗೆ ತಾಗಿ, ಎರಡು ಮೂರು ದಿನಗಳಲ್ಲಿ ತಿಂಗಳುಗಳ ನೀರನ್ನು ಸುರಿದುಬಿಡುತ್ತದೆ. ವಿಜ್ಞಾನಿಗಳು ಇದನ್ನು 'ವಾತಾವರಣದ ನದಿ' ಎಂದು ಕರೆಯುತ್ತಾರೆ.

1861ರ ಡಿಸೆಂಬರಿನಲ್ಲಿ ಆರಂಭವಾದ ಮಳೆಯು ಮರುವರ್ಷದ ಜನವರಿಯಲ್ಲಿಯೂ ಮುಂದುವರಿದು, ಕ್ಯಾಲಿಫೋರ್ನಿಯಾದ ನಡುಕಣಿವೆಯನ್ನು ಸರೋವರವನ್ನಾಗಿ ಮಾಡಿತು. 1862ರ ಜನವರಿ 10ರಂದು ನೂತನ ರಾಜ್ಯಪಾಲ ಲೀಲೆಂಡ್ ಸ್ಟ್ಯಾನ್‌ಫರ್ಡ್ ಅವರು ಸ್ಯಾಕ್ರಮೆಂಟೊ ನಗರದಲ್ಲಿ ತಮ್ಮ ಪದಗ್ರಹಣಕ್ಕೆ ದೋಣಿಯಲ್ಲಿ ಹೋಗಬೇಕಾಯಿತು. ಶಾಸನಸಭೆಯು ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಥಳಾಂತರಗೊಂಡಿತು. ಡಬ್ಲಿನ್ ಆಗ ಮರ್ರೆ ಮತ್ತು ಫಾಲನ್ ಎಂಬ ಐರಿಷ್ ವಲಸಿಗರು 1852ರಲ್ಲಿ ಕೊಂಡ ಜಮೀನಿನ ಸುತ್ತ ತಲೆಯೆತ್ತುತ್ತಿದ್ದ ಸಣ್ಣ ನೆಲೆ. ಎರಡೂ ಕರಾವಳಿಗಳನ್ನು ಜೋಡಿಸುವ ತಂತಿಯು 1861ರ ಅಕ್ಟೋಬರಿನಲ್ಲಿಯೇ ಸಿದ್ಧವಾಗಿದ್ದರೂ, ಅದರ ಮೂಲಕ ಕಳುಹಿಸಲು ಹವಾಮಾನದ ಸುದ್ದಿಯೇ ಇರಲಿಲ್ಲ.

ಅಂತಹ ಸುದ್ದಿಯನ್ನು ಸಂಗ್ರಹಿಸುವ ವ್ಯವಸ್ಥೆಯು 1870ರಲ್ಲಿ ಸೈನ್ಯದ ಸಿಗ್ನಲ್ ದಳದ ಅಡಿಯಲ್ಲಿ ಹುಟ್ಟಿತು. ಈ ಖಂಡದಲ್ಲಿ ಹವೆಯು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ಷಿಕಾಗೋದ ತಂತಿ ನ್ಯೂಯಾರ್ಕನ್ನು ಎಚ್ಚರಿಸಬಲ್ಲದು. ಆದರೆ ಸ್ಯಾನ್ ಫ್ರಾನ್ಸಿಸ್ಕೋವನ್ನು ಎಚ್ಚರಿಸುವವರು ಯಾರು? ಅದರ ಪಶ್ಚಿಮಕ್ಕೆ ಬರಿಯ ಸಮುದ್ರ. 1960ರಲ್ಲಿ ಮೊದಲ ಹವಾಮಾನ ಉಪಗ್ರಹವು ಮೇಲೇರಿದ ಮೇಲೆಯೇ ಕಡಲಿನ ಮೇಲಿನ ಮೋಡಗಳು ಸರಿಯಾಗಿ ಕಣ್ಣಿಗೆ ಬೀಳಲಾರಂಭಿಸಿದವು.

ಆದರೆ ಅಪಾಯವು ಕಣ್ಣಿಗೆ ಬಿದ್ದರಷ್ಟೇ ಸಾಲದು. 1888ರ ಜನವರಿ 12ರಂದು ಡಕೋಟಾ, ನೆಬ್ರಾಸ್ಕ ಮೊದಲಾದ ಬಯಲು ಸೀಮೆಗಳಲ್ಲಿ ಬೆಳಗ್ಗೆ ಹಿತವಾದ ಬೆಚ್ಚನೆಯ ಹವೆಯಿತ್ತು. ಮಕ್ಕಳು ದಪ್ಪ ಕೋಟುಗಳಿಲ್ಲದೆ ಶಾಲೆಗೆ ಹೊರಟರು. ಸ್ವಲ್ಪ ಹೊತ್ತಿನಲ್ಲಿಯೇ ಹಿಮಗಾಳಿಯೆದ್ದು ಕಣ್ಣೆದುರಿನ ಕೈಯೂ ಕಾಣದಂತಾಯಿತು. ಸುಮಾರು 235 ಜನರು ಸತ್ತರೆಂದು ಅಂದಾಜು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಹಲವರು. ಸೇಂಟ್ ಪಾಲ್ ನಗರದ ಕಚೇರಿಯು ಶೀತಮಾರುತದ ಸೂಚನೆಯನ್ನು ಹೊರಡಿಸದೆ ಇರಲಿಲ್ಲ. ನಡುವೆ ಕಪ್ಪು ಚೌಕವಿರುವ ಬಿಳಿಯ ಬಾವುಟವನ್ನು ಏರಿಸುವುದು ಆ ಕಾಲದ ಕ್ರಮ. ಬಾವುಟವು ತಂತಿಕಚೇರಿಯಿದ್ದ ಪಟ್ಟಣದಲ್ಲಿ ಹಾರುವುದು. ನಾರ್ವೆ, ಜರ್ಮನಿಗಳಿಂದ ಬಂದ ಒಕ್ಕಲಿಗರು ಮೈಲಿಗಟ್ಟಲೆ ದೂರದ ಹುಲ್ಲುಗಾವಲಿನಲ್ಲಿ ಇದ್ದರು.

ಈಗ ನಮ್ಮ ಕೊಲ್ಲಿಪ್ರದೇಶಕ್ಕೆ ಮರಳೋಣ. ಡಬ್ಲಿನ್ ಪುರಸಭೆಯಾಗಿ ರೂಪುಗೊಂಡದ್ದು 1982ರ ಫೆಬ್ರವರಿ 1ರಂದು. ಅದಕ್ಕೆ ನಾಲ್ಕು ವಾರಗಳ ಮುಂಚೆ, ಜನವರಿ 3ರಿಂದ 5ರವರೆಗೆ, ಈ ಸೀಮೆಯ ಇತಿಹಾಸದಲ್ಲಿ ಮರೆಯಲಾಗದ ಮಳೆಯೊಂದು ಬಂದಿತು. ಕೆಲವೆಡೆ ವರ್ಷದ ಸರಾಸರಿ ಮಳೆಯ ಅರ್ಧದಷ್ಟು ಸುಮಾರು 32 ಗಂಟೆಗಳಲ್ಲಿ ಬಿದ್ದಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ಕಡೆ ಗುಡ್ಡಗಳು ಜರಿದವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ನಡೆದುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಯಾಂಟಾ ಕ್ರೂಜ್ ಬೆಟ್ಟಗಳ ಲವ್ ಕ್ರೀಕ್ ಎಂಬಲ್ಲಿ ಒಂದೇ ಕುಸಿತವು ಹತ್ತು ಜನರನ್ನು ಹೂತುಹಾಕಿತು. ಒಟ್ಟು ಸತ್ತವರು 33. ಮಳೆ ಬರುವುದೆಂದು ಹೇಳುವವರು ಆಗ ಇದ್ದರು. ಆ ಮಳೆಗೆ ಗುಡ್ಡವು ಯಾವ ಹೊತ್ತಿಗೆ ಜಾರೀತು ಎಂದು ಹೇಳುವ ವ್ಯವಸ್ಥೆಯಿರಲಿಲ್ಲ.

ಈ ದುರಂತದಿಂದ ಒಂದು ಒಳ್ಳೆಯ ಕೆಲಸ ಹುಟ್ಟಿತು. ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯೂ ರಾಷ್ಟ್ರೀಯ ಹವಾಮಾನ ಸೇವೆಯೂ ಕೈಜೋಡಿಸಿದವು. ಎಷ್ಟು ಗಂಟೆಗಳಲ್ಲಿ ಎಷ್ಟು ಮಳೆಯಾದರೆ ಮಣ್ಣು ಸಡಿಲುವುದೆಂಬ ಮಿತಿಯನ್ನು ಲೆಕ್ಕಹಾಕಿ, ತಮ್ಮ ಅಳತೆಯನ್ನು ಆಗಿಂದಾಗ್ಗೆ ಕಚೇರಿಗೆ ತಾವೇ ತಿಳಿಸುವ ಮಳೆಮಾಪಕಗಳ ಜಾಲವನ್ನು ಬಳಸಿಕೊಂಡವು. 1986ರ ಫೆಬ್ರವರಿ 12ರಿಂದ 21ರವರೆಗಿನ ಬಿರುಮಳೆಯಲ್ಲಿ ಈ ವ್ಯವಸ್ಥೆಯು ಮೊದಲ ಎಚ್ಚರಿಕೆಗಳನ್ನು ನೀಡಿತು. ಮುಖ್ಯ ಕುಸಿತಗಳು ನಡೆದ ಹೊತ್ತು ಅದರ ಲೆಕ್ಕಕ್ಕೆ ಸರಿಹೊಂದಿತು. ಇಷ್ಟಾಗಿಯೂ 1995ರಲ್ಲಿ ಸಿಬ್ಬಂದಿಯೂ ಹಣವೂ ಸಾಲದೆ ಅದನ್ನು ನಿಲ್ಲಿಸಲಾಯಿತು. ಕಾಯಿಲೆ ಬಾರದಂತೆ ತಡೆದ ಲಸಿಕೆಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ನಮ್ಮ ವೃತ್ತಿಯಲ್ಲಿ ನಿತ್ಯವೂ ಕಾಣುವ ಈ ಸಂಗತಿಯು ಹವಾಮಾನದ ಇಲಾಖೆಗೂ ಅನ್ವಯಿಸುವಂತಿದೆ.

ಸುಳ್ಳು ಎಚ್ಚರಿಕೆಯ ಪ್ರಶ್ನೆಯೂ ಒಂದಿದೆ. 2024ರ ಡಿಸೆಂಬರ್ 14ರ ಮುಂಜಾನೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಫೋನುಗಳು ಸುಂಟರಗಾಳಿಯ ಎಚ್ಚರಿಕೆಯನ್ನು ಸಾರಿ ಜನರನ್ನು ಎಬ್ಬಿಸಿದವು. ಆ ನಗರಕ್ಕೆ ಅಂತಹ ಎಚ್ಚರಿಕೆ ಅದೇ ಮೊದಲು. ಪರಿಶೀಲಿಸಿದಾಗ ಅದು ಸುಂಟರಗಾಳಿಯಲ್ಲ, ನೇರವಾಗಿ ಬೀಸಿದ ಬಿರುಗಾಳಿ ಎಂದು ತೀರ್ಮಾನವಾಯಿತು. ಅಂದೇ ಸ್ಕಾಟ್ಸ್ ವ್ಯಾಲಿಯಲ್ಲಿ ನಿಜವಾದ ಸುಂಟರಗಾಳಿಯೆದ್ದು ಕೆಲವರನ್ನು ಗಾಯಗೊಳಿಸಿತು. ಎದೆನೋವೆಂದು ಬಂದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಹೃದಯಾಘಾತವಾಗಿರದಿದ್ದರೂ ಹತ್ತು ಜನರನ್ನೂ ಪರೀಕ್ಷಿಸಲೇಬೇಕು. ಆದ್ದರಿಂದ ಫೋನು ಸುಮ್ಮನೆ ಕೂಗಿತೆಂದು ಎಚ್ಚರಿಕೆಗಳನ್ನೇ ಮುಚ್ಚಿಡುವುದನ್ನು ನಾವು ಒಪ್ಪಲಾರೆವು.

ವೈದ್ಯರಾದ ನಮ್ಮನ್ನು ಹೆಚ್ಚು ಕಾಡಿರುವುದು ಬಿರುಗಾಳಿಯ ಬೆನ್ನಲ್ಲಿ ಬರುವ ಅಪಾಯ. 1993ರ ಜನವರಿ 20ರಂದು ಸಿಯಾಟಲ್ ಸೀಮೆಯಲ್ಲಿ ಬಿರುಗಾಳಿಯೆದ್ದು ಲಕ್ಷಾಂತರ ಜನರಿಗೆ ವಿದ್ಯುತ್ತು ಹೋಯಿತು. ಚಳಿಯಲ್ಲಿ ಕುಳಿತ ಕುಟುಂಬಗಳು ಅಡುಗೆಗೂ ಬೆಚ್ಚಗಿರುವುದಕ್ಕೂ ಮನೆಯೊಳಗೆ ಇದ್ದಿಲು ಹೊತ್ತಿಸಿದವು. ಕಾರ್ಬನ್ ಮಾನಾಕ್ಸೈಡ್ ವಿಷವೇರಿ ಆಸ್ಪತ್ರೆಗೆ ಬಂದವರ ದಾಖಲೆಗಳನ್ನು ಅಲ್ಲಿಯ ವೈದ್ಯರು ಪರಿಶೀಲಿಸಿದಾಗ, ಇದ್ದಿಲಿನಿಂದ ಅಸ್ವಸ್ಥರಾದವರಲ್ಲಿ ಬಹುಪಾಲು ಅಲ್ಪಸಂಖ್ಯಾತ ಜನಾಂಗಗಳವರೆಂದೂ, ಅನೇಕರಿಗೆ ಇಂಗ್ಲಿಷ್ ಬಾರದೆಂದೂ ತಿಳಿದುಬಂದಿತು. ಇದ್ದಿಲಿನ ಚೀಲದ ಮೇಲೆ ಎಚ್ಚರಿಕೆಯಿತ್ತು, ಅದು ಇಂಗ್ಲಿಷಿನಲ್ಲಿತ್ತು.

ಇದನ್ನು ಅವರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಅಜ್ಜಿಯರೂ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದವರೇ. ಹಂಚಿನ ಸಂದಿಯಲ್ಲಿಯೂ ಬಾಗಿಲಿನ ಬಿರುಕಿನಲ್ಲಿಯೂ ಗಾಳಿಯಾಡುತ್ತಿದ್ದ ಆ ಮನೆಗಳೆಲ್ಲಿ, ಶಾಖ ಹೊರಹೋಗದಂತೆ ಬಿಗಿದು ಕಟ್ಟಿದ ಈ ಮನೆಗಳೆಲ್ಲಿ! ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಆರಂಭದಲ್ಲಿ ತಲೆನೋವು, ವಾಕರಿಕೆ, ಸುಸ್ತು; ಫ್ಲೂ ಎಂದೇ ಭ್ರಮೆ. ಒಂದೇ ಮನೆಯ ಮೂವರು ಒಟ್ಟಿಗೆ ತಲೆನೋವೆಂದು ಬಂದರೆ ಮೊದಲು ಅವರ ಒಲೆಯನ್ನು ವಿಚಾರಿಸು ಎಂದು ರೆಸಿಡೆನ್ಸಿಯಲ್ಲಿ ನಮ್ಮ ಹಿರಿಯರು ಹೇಳಿಕೊಟ್ಟಿದ್ದರು. ಕೋವಿಡ್ ಕಾಲದಲ್ಲಿ ನೀವೆಲ್ಲ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇಲ್ಲಿ ನಂಬಲರ್ಹವಲ್ಲ. ವಿಷವೇರಿದ ರಕ್ತವನ್ನೂ ಅದು ಸರಿಯಾಗಿದೆ ಎಂದು ತೋರಿಸೀತು.

1996ರಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಇದ್ದಿಲಿನ ಚೀಲದ ಮೇಲೆ ಚಿತ್ರವನ್ನೂ ಮುದ್ರಿಸಬೇಕೆಂದು ನಿಯಮ ಮಾಡಿತು: ಮನೆ, ಡೇರೆ, ವಾಹನಗಳೊಳಗೆ ಉರಿಯುವ ಒಲೆ, ಅದಕ್ಕೆ ನಿಷೇಧದ ಗುರುತು. ಓದು ಬಾರದವರಿಗೂ ತಿಳಿಯುವಂತಹುದು. ಆದರೂ 2006ರ ಡಿಸೆಂಬರಿನ ಬಿರುಗಾಳಿಯ ನಂತರ ಅದೇ ಸೀಮೆಯಲ್ಲಿ ಮತ್ತೆ ಸಾವುಗಳಾದವು. ಬ್ಯೂರಿಯನ್ ಎಂಬ ಊರಿನಲ್ಲಿ ವಿಯೆಟ್ನಾಂ ಮೂಲದ ಒಂದೇ ಕುಟುಂಬದ ನಾಲ್ವರು ಜನರೇಟರಿನ ಹೊಗೆಗೆ ಬಲಿಯಾದರು. ಆಗ ಸಿಯಾಟಲ್ ಟೈಮ್ಸ್ ಪತ್ರಿಕೆಯು ತನ್ನ ಮುಖಪುಟದಲ್ಲಿಯೇ ಹಲವು ಭಾಷೆಗಳಲ್ಲಿ ಎಚ್ಚರಿಕೆಯನ್ನು ಅಚ್ಚುಮಾಡಿತು. ಪತ್ರಿಕೆಯೇ ತಮಟೆ ಹಿಡಿದ ದಿನವದು.

ನಮ್ಮ ರಾಜ್ಯದಲ್ಲಿ 2010ರ ಕಾನೂನಿನಂತೆ, 2011ರ ಜುಲೈ 1ರಿಂದ, ಗ್ಯಾಸ್ ಒಲೆ, ಅಗ್ಗಿಷ್ಟಿಕೆ ಅಥವಾ ಮನೆಗೆ ಸೇರಿದ ಗ್ಯಾರೇಜು ಇರುವ ಒಂಟಿಮನೆಗಳಲ್ಲಿ ಈ ಅನಿಲದ ಅಲಾರಮು ಕಡ್ಡಾಯ. ಅದರ ಬ್ಯಾಟರಿಯನ್ನು ಅಕ್ಟೋಬರಿನಲ್ಲಿಯೇ ನೋಡಿಕೊಳ್ಳಿ.

2023ರ ಅಕ್ಟೋಬರಿನಲ್ಲಿ ಕೇಂದ್ರದ ಸಂಪರ್ಕ ಆಯೋಗವು ಫೋನಿನ ತುರ್ತು ಸಂದೇಶಗಳು ಇಂಗ್ಲಿಷಲ್ಲದೆ ಇನ್ನೂ 13 ಭಾಷೆಗಳಲ್ಲಿ ದೊರೆಯಬೇಕೆಂದು ನಿರ್ಧರಿಸಿತು. ಆ ಪಟ್ಟಿಯಲ್ಲಿ ಹಿಂದಿಯಿದೆ, ಕನ್ನಡವಿಲ್ಲ. ನಮ್ಮ ಸಂಖ್ಯೆಯನ್ನು ನೋಡಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಆರು ತಿಂಗಳಿಗೆಂದು ಬಂದ ತಂದೆತಾಯಂದಿರು, ನೀವು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ. 'ವಾಚ್' ಎಂಬುದನ್ನು ಕಿಟಕಿಯಿಂದ ನೋಡುತ್ತಿರಿ ಎಂಬ ಅರ್ಥದಲ್ಲಿ ತೆಗೆದುಕೊಂಡ ಹಿರಿಯರನ್ನು ನಾವು ಕಂಡಿದ್ದೇವೆ. 'ವಾಚ್' ಎಂದರೆ ಅಪಾಯವು ಬರುವ ಸಂಭವವಿದೆ, ಔಷಧಿ, ಟಾರ್ಚು, ಕುಡಿಯುವ ನೀರು ಕೈಗೆ ಸಿಗುವಂತಿರಲಿ ಎಂದು. 'ವಾರ್ನಿಂಗ್' ಎಂದರೆ ಅಪಾಯವು ಬಂದಿದೆ ಇಲ್ಲವೇ ಬರುತ್ತಲಿದೆ, ಹೇಳಿದಂತೆ ಈಗಲೇ ಮಾಡಿ ಎಂದು. ಈ ಎರಡು ಪದಗಳನ್ನೂ, ಕರೆಂಟು ಹೋದಾಗ ಇದ್ದಿಲಿನ ಒಲೆಯನ್ನು ಒಳಗೆ ತರಬಾರದೆಂಬುದನ್ನೂ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಕೆಳಗೆ ನಿಮ್ಮ ಆಫೀಸಿನ ನಂಬರೂ, 911 ಎಂಬುದೂ ಇರಲಿ.