ಶಾಂತಿಪಡೆಯ ಸ್ವೀಡಿಷ್ ಸೇನಾನಿ ಕಾರ್ಲ್ ವಾನ್ ಹಾರ್ನ್

1814ರ ನಂತರ ಯಾವ ದೇಶದೊಡನೆಯೂ ಯುದ್ಧ ಹೂಡದ ಸ್ವೀಡನ್ನಿನ ಸೇನಾಧಿಕಾರಿ ಕಾರ್ಲ್ ವಾನ್ ಹಾರ್ನ್ (1903-1989) ಹೆಸರಾದದ್ದು ಪರರ ಕದನಗಳ ನಡುವೆ. 1958ರಲ್ಲಿ ಅವರು ಜೆರುಸಲೇಂನಲ್ಲಿ ವಿಶ್ವಸಂಸ್ಥೆಯ ಕದನವಿರಾಮ ಮೇಲ್ವಿಚಾರಣಾ ಸಂಸ್ಥೆಯ ಮುಖ್ಯಸ್ಥರಾದರು. 1960ರ ಜುಲೈನಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ಕಾಂಗೋದಲ್ಲಿ ಸೇನೆ ದಂಗೆಯೆದ್ದಾಗ ಅಲ್ಲಿನ ಶಾಂತಿಪಡೆಯ ದಂಡನಾಯಕತ್ವವೂ ಅವರ ಹೆಗಲೇರಿತು. ಹಲವು ದೇಶಗಳ ತುಕಡಿಗಳನ್ನು ಒಂದೇ ಆಜ್ಞೆಯಡಿ ನಡೆಸುವುದು ಸುಲಭದ ಕೆಲಸವಾಗಿರಲಿಲ್ಲ. ಆ ವರ್ಷಾಂತ್ಯಕ್ಕೆ ಅವರು ಜೆರುಸಲೇಂಗೆ ಮರಳಿದರು. ಐರ್ಲೆಂಡಿನ ಶಾನ್ ಮೆಕ್ಯೂನ್ ಉತ್ತರಾಧಿಕಾರಿಯಾದರು.

ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು 1963ರಲ್ಲಿ, ಯೆಮೆನ್‌ನಲ್ಲಿ. ಅಂತರ್ಯುದ್ಧದಲ್ಲಿ ಗಣರಾಜ್ಯವಾದಿಗಳಿಗೆ ಈಜಿಪ್ಟ್, ರಾಜಪಕ್ಷಕ್ಕೆ ಸೌದಿ ಅರೇಬಿಯಾ ಬೆಂಬಲವಾಗಿದ್ದವು. ಇವೆರಡೂ ಹಿಂದೆ ಸರಿಯುವುದನ್ನು ಗಮನಿಸಬೇಕಿದ್ದ ವೀಕ್ಷಕ ದಳದಲ್ಲಿದ್ದವರು ಸುಮಾರು 200 ಮಂದಿ. ಕಾವಲಿಗೆ ಸಿಕ್ಕಿದ್ದು ಗುಡ್ಡ, ಮರಳುಗಾಡುಗಳ ಗಡಿ. ವೆಚ್ಚವನ್ನು ಭರಿಸಬೇಕಾದವರೂ ಆ ಎರಡು ದೇಶಗಳೇ! ಸಾಮಗ್ರಿ, ಸಾರಿಗೆಯ ಕೊರತೆಯ ಬಗ್ಗೆ ಅವರು ಸಲ್ಲಿಸಿದ ದೂರುಗಳನ್ನು ನ್ಯೂಯಾರ್ಕ್‌ನ ಕಚೇರಿ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ವಾನ್ ಹಾರ್ನ್ ರಾಜೀನಾಮೆಯಿತ್ತರು. ಮುಂದಿನ ತಿಂಗಳು ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ ಆ ದಳದ ಹೊಣೆ ಹೊತ್ತರು.

ವಿಶ್ವಸಂಸ್ಥೆಯ ಆಡಳಿತದ ಮೇಲಿನ ತಮ್ಮ ಅಸಮಾಧಾನವನ್ನು ವಾನ್ ಹಾರ್ನ್ 1966ರ ‘ಸೋಲ್ಜರಿಂಗ್ ಫಾರ್ ಪೀಸ್’ ಕೃತಿಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದರು.